ಬರಿಗಾಲು

ಚಪ್ಪಲಿಗಳು ಮಾತಾಡತೊಡಗಿ, ಅವುಗಳ ಸಾಕ್ಷಿಯನ್ನು ಕೋರ್ಟು ಒಪ್ಪಿದ ಮೇಲೆ ಜನ ಸ್ಟೇಷನ್ನಿಗೆ ಬರಿಗಾಲಲ್ಲೇ ಹೋಗುತ್ತಿದ್ದರು. ಮುದ್ದುರಾಜನಿಗೂ ಅದು ಗೊತ್ತಿತ್ತು. ಆದರೂ ಪೊಲೀಸರು ಬಾಗಿಲಿಗೆ ಬಂದಾಗ ಮಂಕು ಬಡಿದವನಂತೆ ಚಪ್ಪಲಿ ಮೆಟ್ಟಿಯೇ ಹೊರಟ. ಸ್ಟೇಷನ್ನಿನ ಮೆಟ್ಟಿಲಲ್ಲಿ, ದೊಡ್ಡವರ ಮನೆಗೆ ಹೋದಾಗಿನ ಅಭ್ಯಾಸದಂತೆ, ಅವನ್ನು ಕಳಚಿಟ್ಟು ಒಳಗೆ ಹೋದ.

"ನಿಮ್ಮ ಭಾವ ಎಲ್ಲಿದ್ದಾನಪ್ಪ?" ಇನ್‌ಸ್ಪೆಕ್ಟರು ಕೇಳಿದರು.

ಮಿಲ್ಲಿನ ಮುಷ್ಕರ ನಡೆಸಿದ ಭಾವ ಹನುಮೇಶ ಇಟ್ಟಿಗೆಗೂಡಿನಲ್ಲಿ ಅಡಗಿದ್ದ. ಬೆಳಗ್ಗೆ ತಾನೇ ಅವನಿಗೆ ಬುತ್ತಿ ಕೊಟ್ಟು ಬಂದಿದ್ದ ಮುದ್ದುರಾಜ ತುಟಿ ಎರಡು ಮಾಡಲಿಲ್ಲ. ಹೆದರಿಕೆಯೂ ಆಗಲಿಲ್ಲ, ಮೈ ಮರಗಟ್ಟಿದಂತಿತ್ತು. ಕಿಟಕಿಯಾಚೆ ಪೇದೆಯೊಬ್ಬ ಅವನ ಚಪ್ಪಲಿಗಳ ಮುಂದೆ ಕುಕ್ಕರಗಾಲಲ್ಲಿ ಕೂತು ತಲೆದೂಗುತ್ತಿದ್ದ. ಕಂಡರೂ ಅದು ಮನಸ್ಸಿಗೆ ನಾಟಲಿಲ್ಲ.

ಸ್ವಲ್ಪ ಹೊತ್ತಿಗೆ "ನೀನಿನ್ನು ಹೋಗು" ಎಂದರು.

ಅಕ್ಕ ಸುಶೀಲ ಬಾಗಿಲಲ್ಲೇ ಕಾಯುತ್ತಿದ್ದಳು.

"ಎಷ್ಟ್ ಕೇಳಿದ್ರೂ ಒಂದ್ ಮಾತೂ ಆಡ್ಲಿಲ್ಲ ಅಕ್ಕ" ಎಂದ.

ಅವಳಿಗೆ ಹೋದ ಜೀವ ಬಂದಂತಾಯಿತು. ಒಳಗಿಂದ ಚೊಂಬಿನಲ್ಲಿ ನೀರು ತಂದು, ತಮ್ಮನ ಕಾಲಿಗೆ ಹಾಕಲು ಬಗ್ಗಿದವಳು ಹಾಗೇ ನಿಂತುಬಿಟ್ಟಳು.

"ಇವನ್ನ ಮೆಟ್ಕೊಂಡೇ ಹೋಗಿದ್ಯೇನೋ?"