ಅಕ್ಕನ ಮನೆಯ ಬಾಡಿಗೆ

ಅಡಿಗೆಮನೆಯ ತಾರಸಿಯಿಂದ ಅಂಗೈಯಗಲದ ಗಾರೆಯ ಚೂರು ಕಳಚಿ, ಕುದಿಯುತ್ತಿದ್ದ ಸಾರಿನೊಳಗೆ ಬಿತ್ತು. ಬಿಸಿ ಸಾರು ಎಗರಿ ಅಮ್ಮಣಿಯ ಮುಂಗೈ ಸುಟ್ಟಿತು. ಈ ವರ್ಷ ಇದು ಮೂರನೆಯ ಸಲ. ಮೊದಲೆರಡು ಸಲ ನೆಲಕ್ಕೆ ಬಿದ್ದದ್ದರಿಂದ ದೇವರು ದೊಡ್ಡವನು ಎಂದುಕೊಂಡು ಗುಡಿಸಿ ಹಾಕಿದ್ದಳು. ಈ ಸಲ ದೇವರನ್ನು ನಡುವೆ ತರಲಿಲ್ಲ. ಕೈಗೆ ತಣ್ಣೀರು ಸುರಿದುಕೊಂಡು, ಚೂರನ್ನು ಸೆರಗಿನಲ್ಲಿ ಹಿಡಿದು ಮುಂಭಾಗದ ಮನೆಗೆ ಹೋದಳು.

ಮುಂಭಾಗದಲ್ಲಿದ್ದವಳು ಮನೆಯೊಡತಿ ಮುತ್ತಮ್ಮಾಳ್. ಚೂರನ್ನು ನೋಡಿ ಮರುಗಿದಳು, ಸುಟ್ಟ ಕೈಗೆ ತಾನೇ ತೆಂಗಿನೆಣ್ಣೆ ಸವರಿದಳು, ತಟ್ಟೆಯಲ್ಲಿ ರಾಗಿಮುದ್ದೆ ಇಟ್ಟು ಪಕ್ಕದಲ್ಲಿ ಕೂರಿಸಿಕೊಂಡಳು. ತಾರಸಿಯ ಮಾತು ಬಂದಾಗ ಮಾತ್ರ ನಕ್ಕುಬಿಟ್ಟಳು.

"ನಮ್ಮೋರಲ್ಲಿ ಏನು ತಂಗಿ ಲೆಕ್ಕ ಕಣಕ್ಕು? ನೀ ಎರಡು ತಿಂಗಳ ವಾಡಗೆ ಕೊಟ್ಟಿಲ್ಲ, ನಾ ಕೇಳಿದ್ನಾ? ಮಾಡ್ಸಾಣ, ಉಣ್ಣು."

ಮಾತು ನಿಜವೇ. ಗಂಡ ತೀರಿಕೊಂಡ ಮೇಲೆ ಅಮ್ಮಣಿ ತಮಿಳುನಾಡಿನ ತನ್ನೂರು ಹನುಮಂತನಪಟ್ಟಿ ಬಿಟ್ಟು ಅದೇ ನಾಡಿನ ಒಡ್ಡನ್‌ಛತ್ರಂಗೆ ಬಂದು, ತರಕಾರಿ ಮಂಡಿಯಲ್ಲಿ ಕಾಯಿ ಆರಿಸುವ ಕೆಲಸ ಹಿಡಿದಿದ್ದಳು. ಮನೆ ನೋಡಲು ಬಂದ ದಿನ ಅವಳು ಫೋನಿನಲ್ಲಿ ತಾಯಿಯ ಜತೆ ಮನೆಮಾತಿನಲ್ಲಿ ಆಡಿದ್ದು ಮುತ್ತಮ್ಮಾಳ್ ಕಿವಿಗೆ ಬಿತ್ತು. ಆ ಬೀದಿಯಲ್ಲಿ ಕನ್ನಡ ಆಡುವವಳು ತಾನೊಬ್ಬಳೇ ಎಂದುಕೊಂಡಿದ್ದ ಮುದುಕಿ ಮುಂಗಡವೂ ಬೇಡ, ಕರಾರೂ ಬೇಡ ಎಂದು ಬೀಗದ ಕೈ ಕೊಟ್ಟುಬಿಟ್ಟಳು. ಅಂದಿನಿಂದ ಒಬ್ಬಳು ಅಕ್ಕ, ಒಬ್ಬಳು ತಂಗಿ. ಆ ಊರಿನಲ್ಲಿ ಅಮ್ಮಣಿಯನ್ನು ಉಂಡೆಯಾ ಎಂದು ಕೇಳುವ ಜೀವ ಅದೊಂದೇ. ಆದರೆ ಅಕ್ಕನಿಗೆ ನಿನ್ನ ತಾರಸಿ ಸರಿಯಿಲ್ಲ ಎನ್ನುವುದು ಹೇಗೆ? ಬಾಡಿಗೆ ನಿಲ್ಲಿಸಿದರೆ ಅಕ್ಕ ಕೇಳಿಯಾಳು, ಕೇಳಿದಾಗ ತಾರಸಿಯ ಮಾತೆತ್ತೋಣ ಎಂದು ಬೇಕೆಂದೇ ಎರಡು ತಿಂಗಳು ಹಿಡಿದಿಟ್ಟಳು. ಅಕ್ಕ ಕೇಳಲೇ ಇಲ್ಲ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗವಿಲ್ಲ ಅಂತಾರಲ್ಲ, ಹಾಗಾಯಿತು ಅವಳ ಪಾಡು.

ಮಂಡಿಗೆ ಬಂದುಹೋಗುವ ವಕೀಲ ಪಾಂಡಿಯರಾಜನ್ ಮರುದಿನ ಅವಳ ಕೈ ನೋಡಿ ಏನಾಯಿತೆಂದು ವಿಚಾರಿಸಿದ. ತಾರಸಿ ರಿಪೇರಿ ಒಡೆಯರ ಹೊಣೆ ಎಂದ. ಬರೆದು ಕೇಳಿದ ಮೇಲೂ ಮಾಡಿಸದಿದ್ದರೆ ನೀನೇ ಮಾಡಿಸಿ ಬಾಡಿಗೆಯಲ್ಲಿ ಕಳೆಯಬಹುದು, ಆದರೆ ಸುಮ್ಮನೆ ಬಾಡಿಗೆ ಹಿಡಿದಿಟ್ಟದ್ದು ನಿನ್ನ ತಪ್ಪು, ಮೊದಲು ಅದನ್ನು ಕಟ್ಟು, ಕರಾರು ಬರೆಸಿಕೋ ಎಂದ. ಕಾಗದವನ್ನೂ ತಾನೇ ಬರೆದುಕೊಟ್ಟ. ಯಾವ ಭಾಷೆಯಲ್ಲಿ ಎಂಬ ಪ್ರಶ್ನೆಯೇ ಏಳಲಿಲ್ಲ. ತಲೆತಲಾಂತರದಿಂದ ಮನೆಯಲ್ಲಿ ಆಡಿಕೊಂಡು ಬಂದ ಮಾತನ್ನು ಅಮ್ಮಣಿಯ ಕಡೆಯವರು ಯಾರೂ ಬರೆದವರಲ್ಲ. ಮುತ್ತಮ್ಮಾಳಿಗೂ ಅದರ ಅಕ್ಷರ ಗೊತ್ತಿಲ್ಲ. ಕಾಗದ ಎಂದ ಮೇಲೆ ತಮಿಳೇ. ಅದರಲ್ಲಿ ಅಕ್ಕ ಮನೆಯ ಮಾಲೀಕಳಾಗಿದ್ದಳು, ತಂಗಿ ಬಾಡಿಗೆದಾರಳಾಗಿದ್ದಳು. ಅಮ್ಮಣಿ ಎರಡು ಸಲ ಓದಿದಳು. ಒಂದು ಸುಳ್ಳೂ ಸಿಗಲಿಲ್ಲ, ಸಹಿ ಹಾಕಿದಳು.

ಕೈಯಲ್ಲಿ ಕೊಟ್ಟರೆ ಸಾಕ್ಷಿ ಇರುವುದಿಲ್ಲ, ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸು ಎಂದಿದ್ದ ವಕೀಲ. ಹಿಂಭಾಗದಿಂದ ಮುಂಭಾಗಕ್ಕೆ ಹತ್ತು ಹೆಜ್ಜೆ. ಕಾಗದ ಅಂಚೆ ಕಚೇರಿ ಸುತ್ತಿ, ಎರಡು ದಿನ ಕಳೆದು ಬಂತು. ಅಂಚೆಯವನು ಮುಂಬಾಗಿಲಲ್ಲಿ ಮುತ್ತಮ್ಮಾಳ್ ಹೆಸರು ಹಿಡಿದು ಕೂಗಿದ್ದು, ಇಲ್ಲಿ ಸಹಿ ಹಾಕಿ ಎಂದದ್ದು ಎಲ್ಲ ಅಮ್ಮಣಿಗೆ ಅಡಿಗೆಮನೆಯಲ್ಲಿ ಕೇಳಿಸಿತು. ಹೊರಗೆ ಓಡಿ ಹೋಗಿ ಕಾಗದ ಕಿತ್ತುಕೊಳ್ಳೋಣ ಎನ್ನಿಸಿತು. ಹೋಗಲಿಲ್ಲ.

ಮುತ್ತಮ್ಮಾಳ್ ಜಗಳಕ್ಕೆ ಬರಲಿಲ್ಲ. ನಾಲ್ಕನೆಯ ದಿನ ಗಾರೆ ಕೆಲಸದ ಮುರುಗನ್ ಬಂದು ಹಳೆಯ ಗಾರೆ ಕೆತ್ತಿ, ಹೊಸದು ಬಳಿದು, ಸುಣ್ಣ ಹೊಡೆದು ಹೋದ. ವಾರದೊಳಗೆ ಕರಾರಿಗೆ ಇಬ್ಬರ ಸಹಿಯೂ ಬಿತ್ತು. ಅಮ್ಮಣಿ ಬಾಕಿ ಕಟ್ಟಿ ರಸೀದಿ ಪಡೆದಳು. ವಕೀಲ ಹೇಳಿದ್ದೆಲ್ಲ ಕೈಗೂಡಿತ್ತು. ಇನ್ನು ತಲೆಯ ಮೇಲೆ ಏನೂ ಬೀಳುವುದಿಲ್ಲ. ಆದರೆ ಸಂಜೆ ಕೆಲಸದಿಂದ ಬಂದರೆ ಮುತ್ತಮ್ಮಾಳ ಹಿಂಬಾಗಿಲು ಮುಚ್ಚಿರುತ್ತಿತ್ತು. ಅಮ್ಮಣಿ ಬೆಳ್ಳಗಿನ ತಾರಸಿಯ ಕೆಳಗೆ ಒಬ್ಬಳೇ ಕೂತು ಉಂಡಳು. ಕೆಲವು ದಿನ ಬೆಳಿಗ್ಗೆಯಿಂದ ಮಲಗುವವರೆಗೆ ಅವಳ ಬಾಯಿಂದ ಮನೆಮಾತಿನ ಒಂದು ಪದವೂ ಹೊರಡುತ್ತಿರಲಿಲ್ಲ. ನ್ಯಾಯ ತನ್ನ ಕಡೆಗಿತ್ತು, ಸಂಕಟವೂ ತನಗೇ ಆಯಿತಲ್ಲ ಎಂದು ಅಳು ಬಂತು.

ತಿಂಗಳು ಕಳೆದ ಮೇಲೆ ಊರಿಗೆ ಹೋಗಿ ಬರುವಾಗ ತೋಟದ ಪನ್ನೀರ್ ದ್ರಾಕ್ಷಿ ಕಟ್ಟಿಸಿಕೊಂಡು ತಂದಳು. ಬಸ್ಸಿನಲ್ಲಿ ಜಜ್ಜಿಹೋಗದಂತೆ ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡಿದ್ದಳು. ಬಸ್ಸಿಳಿದವಳು ತನ್ನ ಬೀಗ ತೆಗೆಯುವ ಮೊದಲೇ ಮುಂಬಾಗಿಲು ತಟ್ಟಿದಳು.

"ಅಕ್ಕಾ, ಊರಿಂದ ನಿಂಗೆ ಅಂತ ದ್ರಾಕ್ಷಿ ತಂದಿವ್ನಿ. ನನ್ ಮ್ಯಾಲೆ ಕೋಪ ಬ್ಯಾಡಕ್ಕ. ತಾರಸಿ ಕೇಳಿದ್ನೇ ಹೊರ್ತು, ನಿನ್ನ ಬ್ಯಾಡ ಅನ್ನಲಿಲ್ಲ."

ಮುತ್ತಮ್ಮಾಳ್ ಚೀಲ ತೆಗೆದುಕೊಂಡಳು. ಗೊಂಚಲು ಎತ್ತಿ ನೋಡಿದಳು, ಒಂದು ಹಣ್ಣು ಬಾಯಿಗೆ ಹಾಕಿಕೊಂಡಳು. ಅಮ್ಮಣಿಗೆ ಜೀವ ಬಂದಂತಾಯಿತು. ಮುದುಕಿ ಒಳಗೆ ಹೋದವಳು ಕೈಯಲ್ಲಿ ಪರ್ಸು ಹಿಡಿದು ಬಂದು, ಗುರುತಿಲ್ಲದ ಅಂಗಡಿಯವರನ್ನು ಕೇಳುವಷ್ಟು ಮರ್ಯಾದೆಯಿಂದ, ತಮಿಳಿನಲ್ಲಿ ಬೆಲೆ ಕೇಳಿದಳು.

"ಕಿಲೋ ಎವ್ವಳವುಂಗ?"