ಮಂಡಕ್ಕಿ ನೆಲ ಬಿಟ್ಟ ಭಾನುವಾರ

ದಾವಣಗೆರೆಯ ನಾಯಿ ಪಾರ್ಕಿನ ಮೇಲೆ ತೆಂಗಿನ ಮರದೆತ್ತರಕ್ಕೆ ಬಲೆ ಕಟ್ಟಿದ್ದಾರೆ, ಖುಷಿಯಾದ ನಾಯಿಗಳು ತೇಲಿ ಊರಾಚೆ ಹೋಗದಿರಲೆಂದು. ಭಾನುವಾರ ಬೆಳಿಗ್ಗೆ ಶಾಂತವೀರಮ್ಮ ತಮ್ಮ ನಾಯಿ ಮಂಡಕ್ಕಿಯೊಂದಿಗೆ ಬಂದಾಗ ಎರಡು ಪಮೇರಿಯನ್ನುಗಳು ಆಗಲೇ ಬಲೆಗೆ ಬೆನ್ನು ತಾಗಿಸಿಕೊಂಡು ಬೊಗಳುತ್ತಿದ್ದವು.

ಗೇಟಿನ ಕೊಟ್ರೇಶಿ ಮರಳು ತುಂಬಿದ ಬೆಲ್ಟು ಚಾಚಿದ. "ಸೊಂಟಕ್ಕೆ ಕಟ್ಕೊಳ್ರಿ ಮೇಡಂ. ನಾಯಿ ಜೊತಿಗೆ ಮಾಲೀಕರೂ ಏಳ್ತಾರೆ."

"ಮೂವತ್ತು ವರ್ಷ ಹೆಡ್‌ಮಿಸ್ ಆಗಿದ್ದೋಳಪ್ಪ ನಾನು. ನನ್ನ ಮದುವೆ ದಿನಾನೂ ನೆಲ ಬಿಟ್ಟಿಲ್ಲ," ಎಂದು ಅವರು ಬೆಲ್ಟು ವಾಪಸು ಕೊಟ್ಟರು.

ಅವರ ಚಿಂತೆಯೆಲ್ಲ ಮಂಡಕ್ಕಿಯದು. ಯಾರದೋ ಗೋಡೌನಿನಲ್ಲಿ ಐದು ವರ್ಷ ಸರಪಳಿಯಲ್ಲಿದ್ದ ಈ ಕಂದು ನಾಯಿ, ಮನೆಗೆ ಬಂದು ಆರು ತಿಂಗಳಾದರೂ ಬೆರಳಗಲವೂ ಮೇಲೆದ್ದಿರಲಿಲ್ಲ. ಖುಷಿಪಡುವುದೇ ಇದಕ್ಕೆ ಮರೆತುಹೋಗಿದೆಯೇನೋ ಎಂದು ಅವರಿಗೆ ಭಯ.

ಹಗ್ಗ ಬಿಚ್ಚಿದರು. ಮಂಡಕ್ಕಿ ಕದಲದೆ ಅವರ ಮುಖವನ್ನೇ ನೋಡಿತು.

"ಹೋಗೋ, ಯಾರೂ ಬೈಯಲ್ಲ."

ಬಾಲ ಒಮ್ಮೆ ಆಡಿತು. ಆಮೇಲೆ ಹಿಂಗಾಲುಗಳು ಎದ್ದವು. ಮುಂಗಾಲುಗಳು ಇನ್ನೂ ನೆಲ ಹುಡುಕುತ್ತಿದ್ದವು. ಮಂಡಕ್ಕಿ ತಲೆಕೆಳಗಾಗಿ ಗಿರಗಿರ ತಿರುಗುತ್ತ ಮೇಲೇರಿತು. ಅದರ ಪೆಚ್ಚು ಮುಖ ನೋಡಿ ಶಾಂತವೀರಮ್ಮನಿಗೆ ನಗು ತಡೆಯಲಾಗಲಿಲ್ಲ.

ಅವರ ಚಪ್ಪಲಿ ಮಾತ್ರ ಕೆಳಗೆ ಉಳಿದವು.

"ಮೇಡಂ, ಏನಾದ್ರೂ ಬ್ಯಾಸರದ್ದು ನೆನಪು ಮಾಡ್ಕೊಳ್ರಿ, ಇಳೀತೀರಿ," ಎಂದು ಕೊಟ್ರೇಶಿ ಕೂಗಿದ.

ಅವರು ಕಣ್ಣು ಮುಚ್ಚಿ, ಶಾಲೆಯಲ್ಲಿ ಒಬ್ಬರೂ ಪಾಸಾಗದ ವರ್ಷದ ಎಸ್ಸೆಸ್ಸೆಲ್ಸಿ ಫಲಿತಾಂಶ ನೆನೆದರು. ಎರಡಡಿ ಇಳಿದರು ಕೂಡ. ಅಷ್ಟರಲ್ಲಿ ಮಂಡಕ್ಕಿ ತಲೆಕೆಳಗಾಗಿಯೇ ತೇಲಿಬಂದು ಅವರ ಕನ್ನಡಕ ನೆಕ್ಕಿತು.

ಮರುಕ್ಷಣ ಇಬ್ಬರ ಬೆನ್ನಿಗೂ ಬಲೆ ತಾಗಿತು.

"ಕೊಟ್ರೇಶಿ," ಮೇಲಿನಿಂದ ಹೆಡ್‌ಮಿಸ್ ದನಿ ಕೇಳಿಸಿತು, "ಪಾರ್ಕು ಎಷ್ಟೊತ್ತಿಗೆ ಮುಚ್ತೀಯಪ್ಪ?"