ಕೊನೆಯ ಪುಟದ ಚೀಟಿ

"ಬರಿ," ಎಂದು ಅತ್ತೆ ಐದನೆಯ ಪುಸ್ತಕದ ಕೊನೆಯ ಪುಟ ತೆರೆದು ಸೊಸೆಯ ಮುಂದಿಟ್ಟರು. ಬೇರೆ ಹೆಸರಿನಲ್ಲಿ ಅವಳೇ ಬರೆದ ಕಾದಂಬರಿ ಅದು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅದರೊಳಗಿನ ಅತ್ತೆ ಮಾತುಮಾತಿಗೂ ಮುನಿಸಿಕೊಂಡು ಕೋಣೆಯ ಬಾಗಿಲು ಹಾಕಿಕೊಳ್ಳುವವಳು.

ಓದಿದವರು ಪುಸ್ತಕದ ಕೊನೆಗೆ ಅಂಟಿಸಿದ ಚೀಟಿಯಲ್ಲಿ ನಾಲ್ಕು ಮಾತು ಬರೆದೇ ಹಿಂದಿರುಗಿಸಬೇಕೆಂಬುದು ಆ ಬೀದಿಯ ವಾಚನಾಲಯದ ನಿಯಮ. ಅತ್ತೆಯ ಕೈ ನಡುಗುವುದರಿಂದ ಅವರು ಹೇಳುವುದು, ಸೊಸೆ ಬರೆಯುವುದು. ಇವತ್ತು ಆಗಲೇ ನಾಲ್ಕು ಮುಗಿದಿದ್ದವು. ತೋಟಗಾರಿಕೆಯ ಪುಸ್ತಕವೊಂದಕ್ಕೇ ಹೊಗಳಿಕೆ. ಪ್ರವಾಸಕಥನಕ್ಕೆ, "ಈ ಮಹಾರಾಯ ಊರು ನೋಡಿದ್ದಕ್ಕಿಂತ ತನ್ನನ್ನು ನೋಡಿಕೊಂಡಿದ್ದೇ ಹೆಚ್ಚು." ದೊಡ್ಡ ಮನುಷ್ಯರೊಬ್ಬರ ಆತ್ಮಕಥೆಗೆ, "ಹೆಂಡತಿ ಮೂರನೇ ಪುಟದಲ್ಲಿ ಬಂದು ನಾಲ್ಕರಲ್ಲಿ ಮಾಯ." ಪತ್ತೇದಾರಿಗೆ, "ಕಳ್ಳ ಯಾರೂಂತ ನನಗೆ ಗೊತ್ತಾಯ್ತು, ಪೊಲೀಸರಿಗೆ ಆಗಲಿಲ್ಲ."

"ಎಲ್ಲಿ ಕಳೆದುಹೋದೆಯೇ? ಬರಿ. ಸೊಸೆಯ ಸಂಕಟ ಕಣ್ಣಿಗೆ ಕಟ್ಟುವ ಹಾಗಿದೆ."

ಅವಳು ಬರೆದಳು. ಅಕ್ಷರಗಳು ಸೊಟ್ಟಗಾದವು.

"ಇದೇನೇ, ನನಗಿಂತ ನಿನ್ನ ಕೈಯೇ ನಡುಗ್ತಿದೆ!"

"ಪೆನ್ನು ಸರಿಯಿಲ್ಲ, ಅತ್ತೆ."

"ಹೂಂ. ಮುಂದೆ ಬರಿ. ಆ ಅತ್ತೆ ಬಾಗಿಲು ಹಾಕಿಕೊಂಡು ಒಳಗೆ ಏನು ಮಾಡುತ್ತಿದ್ದಳು ಅಂತ ಬರೆದವಳು ಒಂದು ಸಲ ಕೇಳಬಹುದಿತ್ತು."

ಅವಳು ಅದನ್ನೂ ಬರೆದಳು. ತಲೆ ಎತ್ತುವ ಧೈರ್ಯವಾಗಲಿಲ್ಲ. ಅತ್ತೆ ನಡುಗುವ ಕೈ ಚಾಚಿ, ಅವಳ ಬೆರಳುಗಳಿಂದ ಪೆನ್ನನ್ನು ಮೆಲ್ಲಗೆ ಬಿಡಿಸಿಕೊಂಡರು.

"ಕೇಳಿದ್ರೆ ನಾನು ಹೇಳ್ತಿದ್ದೆ ಕಣೇ," ಎಂದರು. "ಇದನ್ನ ಚೀಟಿಯಲ್ಲಿ ಬರೀಬೇಡ."